ಸಸಿಮಡಿಯ ಕೊಳದಲ್ಲಿ ಬಿಸಿಲು

ಹಿರಿಯೂರು ಸೀಮೆಯ ದೊಡ್ಡ ನೀರೆಂದರೆ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ. ಜನ ಅದನ್ನು ಮಾರಿಕಣಿವೆ ಎನ್ನುತ್ತಾರೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಇಂಥ ಬಯಲುಸೀಮೆಯ ಕೆರೆಗಳಿಗೆ ಕಾಟ್ಲಾ, ರೋಹು ತಂದು ಬಿಟ್ಟರೆ ಕೊಬ್ಬಿ ಬೆಳೆಯುತ್ತವೆ, ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಹಾಗಾಗಿ ಒಂದು ಕಾಲಕ್ಕೆ ಮೀನುಬಿತ್ತನೆ ದೂರದ ಬಂಗಾಳದ ನದಿಗಳಿಂದ ರೈಲಿನಲ್ಲಿ ಬರಬೇಕಿತ್ತು. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಮತ್ತು ಅಲಿಕುನ್ಹಿ ಎಂಬ ವಿಜ್ಞಾನಿಗಳು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಇಂಥ ಮೀನುಗಳಿಂದ ಮೊಟ್ಟೆ ಇಡಿಸಿದರು. ಮೀನುಮರಿ ಕಸುಬಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಚುಚ್ಚುಮದ್ದು ಮೊಟ್ಟೆಯನ್ನಷ್ಟೇ ಕೊಟ್ಟಿತು. ಮರಿಯನ್ನು ಉಳಿಸಿದ್ದು ಬೆಳಕಿನ ಲೆಕ್ಕ ಎಂಬುದು ನನ್ನ ವಾದ.

ಮೊಟ್ಟೆಯೊಡೆದ ಮರಿಗೆ ಮೂರು ದಿನದ ಬುತ್ತಿ ಹೊಟ್ಟೆಯಲ್ಲೇ ಇರುತ್ತದೆ. ಆಮೇಲೆ ಬಾಯಿಗೆ ಹಿಡಿಸುವಷ್ಟು ಸಣ್ಣ ಜೀವಿಗಳು ಬೇಕು, ಆ ಜೀವಿಗಳಿಗೆ ಪಾಚಿ ಬೇಕು, ಪಾಚಿಗೆ ಬಿಸಿಲು ಬೇಕು. ಮರಿ ಸಾಕುವ ಕೊಳ ಆಳವಿಲ್ಲದೆ, ಏರಿಯ ಮೇಲೆ ಮರದ ನೆರಳಿಲ್ಲದೆ ಇರುವುದೂ, ಮರಿ ಬಿಡುವ ಮುಂಚೆಯೇ ಸಗಣಿ ಕದಡುವುದೂ ಇದಕ್ಕೇ. ಬಿಸಿಲು ಹೆಚ್ಚಾದರೆ ಕೇಡಲ್ಲವೇ ಎಂಬ ಆಕ್ಷೇಪ ನಿಜ: ನೀರು ಗಾಢ ಹಸಿರಾದರೆ ರಾತ್ರಿಯಿಡೀ ಪಾಚಿಯೇ ಆಮ್ಲಜನಕ ಹೀರಿ, ನಸುಕಿಗೆ ಮರಿಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಕೈ ಮುಳುಗಿಸಿ, ಬೆರಳು ಎಲ್ಲಿ ಮರೆಯಾಗುತ್ತದೆಂದು ನೋಡುವ ಅಭ್ಯಾಸ ಈ ಅಳತೆಗಾಗಿಯೇ.

ಇನ್ನೂ ಗಟ್ಟಿಯಾದ ಆಕ್ಷೇಪವೊಂದಿದೆ. ಬೆಳಕು ಬೇಕಾದದ್ದು ಮೇವಿಗೆ, ಮೀನಿಗಲ್ಲ. ಮೇವನ್ನು ಹೊರಗಿನಿಂದ ಕೊಟ್ಟರೆ ಸಾಲದೇ? ಇದಕ್ಕೆ ಉತ್ತರ ಕಡಲಿನ ಅಲಂಕಾರ ಮೀನಿನಲ್ಲಿದೆ. ಅಮೆರಿಕದಲ್ಲಿ ಮಾರ್ಟಿನ್ ಮೋ 1970ರ ದಶಕದ ಆರಂಭದಲ್ಲಿ ಕ್ಲೌನ್ ಮೀನನ್ನು ವ್ಯಾಪಾರಕ್ಕೆಂದು ಸಾಕತೊಡಗಿದರು. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಆ ವಿದ್ಯೆಯನ್ನು ಬೆಳೆಸಿತು. ಕ್ಲೌನ್ ಮೀನಿನ ಮೊಟ್ಟೆ ಒಡೆಯುವುದು ಕತ್ತಲಾದ ಮೇಲೆ. ಆದರೆ ಮರಿ ಉಣ್ಣುವುದು ಕಣ್ಣಿನಿಂದ. ತೊಟ್ಟಿಯ ತುಂಬ ರೋಟಿಫರ್ ಎಂಬ ಸೂಕ್ಷ್ಮ ಜೀವಿಗಳು ತುಂಬಿದ್ದರೂ ಬೆಳಕಿಲ್ಲದೆ ಮರಿಗೆ ಏನೂ ಕಾಣದು, ಸುತ್ತಲೂ ಊಟವಿದ್ದೂ ಹಸಿದೇ ಸಾಯುತ್ತದೆ. ಗಾಜಿನಲ್ಲಿ ಬೆಳಕು ಪ್ರತಿಫಲಿಸಿದರೆ ಮರಿಗಳು ಅಲ್ಲಿಗೇ ಹೋಗಿ ಮುತ್ತುತ್ತವೆ. ಅದಕ್ಕೇ ತೊಟ್ಟಿಯ ಬದಿಗಳನ್ನು ಕಪ್ಪು ಮಾಡಿ, ನೀರಿಗೆ ಹಸಿರು ಪಾಚಿ ಬೆರೆಸಿ ಬೆಳಕನ್ನು ಮೆದುಗೊಳಿಸುತ್ತಾರೆ. ಎಲ್ಲ ಮೀನಿಗೂ ಇದೇ ಸೂತ್ರವಲ್ಲ: ಮೀಸೆಯುಳ್ಳ ಕೆಲವು ಜಾತಿಯ ಮರಿಗಳು ವಾಸನೆ ಹಿಡಿದು ಉಣ್ಣುತ್ತವೆ, ಅವಕ್ಕೆ ನೆರಳೇ ಒಳ್ಳೆಯದು. ಕಾಟ್ಲಾ ಕೊಳದ ಏರಿಯ ಮೇಲೆ ಕಡಿಯುವ ಮರವನ್ನು ಅವುಗಳ ಕೊಳದ ಏರಿಯಲ್ಲಿ ಉಳಿಸಬಹುದು.