ಯಾವ ಗಳೆಯಿಂದ ಅಳೆಯಬೇಕು?

ಹಳೆಯ ಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಸಂಗತಿ ಗೊತ್ತು. ದಾನ ಕೊಟ್ಟ ಭೂಮಿ ಇಷ್ಟು ಮತ್ತರು ಎಂದು ಹೇಳಿ ಶಾಸನಕಾರ ಸುಮ್ಮನಾಗುವುದಿಲ್ಲ. ಅದನ್ನು ಯಾವ ಗಳೆಯಿಂದ ಅಳೆದದ್ದು ಎಂಬುದನ್ನೂ ಅನೇಕ ವೇಳೆ ಹೇಳುತ್ತಾನೆ. ಗಳೆಯೆಂದರೆ ಅಳತೆಯ ಕೋಲು. ಒಂದು ಸೀಮೆಯ ಗಳೆ ಇನ್ನೊಂದು ಸೀಮೆಯ ಗಳೆಗಿಂತ ಉದ್ದವೋ ಗಿಡ್ಡವೋ ಇರುತ್ತಿದ್ದಿತು. ಗಳೆ ಯಾವುದೆಂದು ತಿಳಿಯದಿದ್ದರೆ ಹೊಲದ ಲೆಕ್ಕವೂ ತಿಳಿಯದು. ಈಚೆಗೆ ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ ಕುಳಿತಿದ್ದಾಗ ಈ ಸಂಗತಿ ನನಗೆ ಮತ್ತೆ ಮತ್ತೆ ನೆನಪಾಯಿತು.

ಅದು ಖಾಸಗಿಯವರು ನಡೆಸುವ ಸಣ್ಣ ಕನ್ನಡ ಶಾಲೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ ಮುಖ್ಯೋಪಾಧ್ಯಾಯ. ಸರ್ಕಾರ ಕೊಟ್ಟ ಮಾನ್ಯತೆಯ ಗಡುವು ಮುಗಿಯುತ್ತ ಬಂದಿದ್ದಿತು. ನವೀಕರಣದ ಅರ್ಜಿಯೊಡನೆ ಲಗತ್ತಿಸಲು ಶಾಲೆಯ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡಬೇಕೆಂದು ಅವನು ರಾಯಚೂರಿಗೆ ಬಂದು ಕೇಳಿದ. ನೋಡದೆ ಬರೆಯಲಾರೆನೆಂದು ನಾನೇ ಹೋದೆ. ತಪಾಸಣೆಗೆ ಬಂದವರು ಗುರುತು ಮಾಡಿದ್ದ ಕೊರತೆಗಳ ಪಟ್ಟಿಯನ್ನು ಅವನು ನನ್ನ ಮುಂದಿಟ್ಟ.

“ಹಿಂದಿನ ಗ್ವಾಡಿ ಅರ್ಧಕ್ಕ ನಿಂತದ ಅಂತ ಬರದಾರ್ರಿ ಸರ. ಕುಂಟ ಹುಡುಗ್ರು ಏರಾಕ ಇಳಿಜಾರು ದಾರಿ ಇಲ್ಲ ಅಂತ ಬರದಾರ. ಅದು ಖರೇನ. ಆದ್ರ ನಮ್ಮ ಹುಡುಗ್ರು ಓದತಾರೋ ಇಲ್ಲೋ ಅಂತ ಒಬ್ಬರೂ ಕೇಳಲಿಲ್ರಿ” ಎಂದ.

ಅವನ ಮಾತಿನಲ್ಲಿ ನೋವೂ ಇತ್ತು, ಸ್ವಲ್ಪ ಜಾಣತನವೂ ಇತ್ತು. ಗೋಡೆಯ ಕೊರತೆಯನ್ನು ಭಾವನೆಯಿಂದ ಮುಚ್ಚುವುದು ನಮ್ಮ ಜನಕ್ಕೆ ಹೊಸದೇನಲ್ಲ. ಆದರೂ ಅವನ ಪ್ರಶ್ನೆ ತಳ್ಳಿಹಾಕುವಂಥದಾಗಿರಲಿಲ್ಲ. ಒಂದು ಶಾಲೆ ಉಳಿಯಬೇಕೋ ಬೇಡವೋ ಎಂಬುದನ್ನು ಯಾವ ಗಳೆಯಿಂದ ಅಳೆಯಬೇಕು?

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿ ನಾಗಾವಿ ಎಂಬ ಸ್ಥಳವುಂಟು. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದಲ್ಲಿ ದಂಡನಾಯಕ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ನೆಲೆಗೊಳಿಸಿದ್ದನ್ನು 1058ರ ಶಾಸನ ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಗ್ರಂಥಗಳನ್ನು ಕಾಯಲು ಆರು ಮಂದಿ ಸರಸ್ವತೀ ಭಾಂಡಾರಿಗರು. ಎಷ್ಟು ಮಂದಿ ಓದಬೇಕು, ಯಾರು ಓದಿಸಬೇಕು, ಪುಸ್ತಕ ಯಾರ ವಶದಲ್ಲಿರಬೇಕು, ಇಷ್ಟನ್ನೂ ಕಲ್ಲಿನ ಮೇಲೆ ಬರೆದು ಒಪ್ಪಿಕೊಂಡ ವಿದ್ಯಾಲಯವದು. ಊರಿನ ಎಲ್ಲ ಮಕ್ಕಳಿಗೂ ಅಲ್ಲಿ ಬಾಗಿಲು ತೆರೆದಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಆದರೆ ತಾನು ಏನು ಮಾಡುವೆನೆಂದು ಮೊದಲೇ ಹೇಳಿ, ಆ ಮಾತನ್ನು ಎಲ್ಲರೂ ಓದುವಂತೆ ನಿಲ್ಲಿಸಿದ್ದಿತು. ಅದೇ ಅದರ ಗಳೆ. ಇಂಥ ದಾನಗಳೆಲ್ಲ ಸೂರ್ಯಚಂದ್ರರಿರುವ ತನಕ ನಡೆಯಲೆಂದು ಹಾರೈಸುವುದು ಶಾಸನಗಳ ರೂಢಿ. ನಾಗಾವಿಯ ಮೇಲೆ ಸೂರ್ಯಚಂದ್ರರು ಇಂದಿಗೂ ಮೂಡುತ್ತಿದ್ದಾರೆ. ಓದುವವರ ದನಿ ಮಾತ್ರ ಇಲ್ಲ.

ಕಾಲಾಂತರದಲ್ಲಿ ಗಳೆ ಬದಲಾಯಿತು. ರಾಯಚೂರು ಸೀಮೆ ನಿಜಾಮರ ಆಳ್ವಿಕೆಗೆ ಸೇರಿದ್ದ ದಿನಗಳವು. 1884ರಲ್ಲಿ ಪಾರಸಿಯ ಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿತು. ಉನ್ನತ ವಿದ್ಯೆಯನ್ನು ಈ ನೆಲದ ಒಂದು ಭಾಷೆಯಲ್ಲಿ ಕೊಡಹೊರಟ ಆ ಸಾಹಸ ದೊಡ್ಡದೇ, ಅದನ್ನು ಅಲ್ಲಗಳೆಯಬಾರದು. ಆದರೆ ಆ ಏಣಿಯ ಮೆಟ್ಟಿಲುಗಳು ಮಾನ್ವಿಯ, ದೇವದುರ್ಗದ ಒಕ್ಕಲುಮಕ್ಕಳ ಕಾಲಿಗೆ ಎಟುಕುವಂತಿರಲಿಲ್ಲ. ಮನೆಯಲ್ಲಿ ಕನ್ನಡ, ಮೇಲಿನ ತರಗತಿಯಲ್ಲಿ ಉರ್ದು. ಜನರೇ ಕೂಡಿ ಶಾಲೆ ತೆರೆಯೋಣವೆಂದರೆ, 1920ರ ದಶಕದಲ್ಲಿ ಖಾಸಗಿ ಶಾಲೆಗಳಿಗೆ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕೆಂಬ ಕಟ್ಟಳೆ ಬಂದಿತು. ಶಾಲೆ ಚೆನ್ನಾಗಿದೆಯೇ ಎಂಬುದಕ್ಕಿಂತ, ಅದು ಪ್ರಭುತ್ವಕ್ಕೆ ಅನುಕೂಲವೇ ಎಂಬುದೇ ಆಗಿನ ಅಳತೆಯಾಯಿತು.

ಅಂಥ ಕಾಲದಲ್ಲಿ, 1920ರ ಸುಮಾರಿಗೆ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಒಂದು ರಾಷ್ಟ್ರೀಯ ಶಾಲೆಯನ್ನು ಕಟ್ಟಿದರು. ಅದಕ್ಕಿಟ್ಟ ಹೆಸರು ಹಮ್‌ದರ್ದ್. ಇನ್ನೊಬ್ಬರ ನೋವನ್ನು ತನ್ನದೆಂದು ತಿಳಿಯುವವನು ಎಂದು ಆ ಮಾತಿನ ಅರ್ಥ. ಹಿಂದೂ ಮುಸಲ್ಮಾನರು ಒಂದಾಗಿ ಬಾಳಬೇಕೆಂಬುದನ್ನು ವ್ರತವಾಗಿ ಹಿಡಿದ ತಾರಾನಾಥರು ಕನ್ನಡ ಸೀಮೆಯ ಶಾಲೆಗೆ ಉರ್ದುವಿನ ಹೆಸರಿಟ್ಟದ್ದು ಅರ್ಥಪೂರ್ಣವಾದದ್ದು. ಸರ್ಕಾರ ಅದನ್ನು ಸಂಶಯದ ಕಣ್ಣಿನಿಂದಲೇ ಕಂಡಿತು. ಮುಂದೆ ಪಂಡಿತರು ಹೊಳೆ ದಾಟಿ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮದಲ್ಲಿ ಪ್ರೇಮಾಯತನವನ್ನು ಕಟ್ಟಿದರು. ಅವರು ಹೋದರೂ ಶಾಲೆ ಉಳಿಯಿತು. ಊರು ಅದನ್ನು ತನ್ನದೆಂದು ಹಿಡಿದುಕೊಂಡಿತು. ಅಪ್ಪಣೆಯ ಕಾಗದ ಕೊಡಲಾರದ ಆಯುಷ್ಯವನ್ನು ಊರು ಕೊಟ್ಟಿತು.

ಹಾಗಾದರೆ ತಪಾಸಣೆಯೇ ಬೇಡವೇ? ನಾನು ಹಾಗೆ ಹೇಳಲಾರೆ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಅವರು ದಕ್ಷಿಣ ಕನ್ನಡದಲ್ಲಿ ಶಾಲಾ ತನಿಖಾಧಿಕಾರಿಯಾಗಿ ಕೆಲಸ ಮಾಡಿದವರು; ಮಕ್ಕಳಿಗಾಗಿ ಹಾಡು ಕಟ್ಟಿದವರು, ಪಾಠಪುಸ್ತಕ ಬರೆದವರು. ತನಿಖೆ ಮಾಡುವ ಕೈಯೇ ಮಕ್ಕಳಿಗೆ ಹಾಡನ್ನೂ ಬರೆಯಬಲ್ಲದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಕಲಿಕೆಯೊಂದನ್ನೇ ಅಳೆದರೆ ಸಾಕೆನ್ನುವವರಿಗೂ ಇತಿಹಾಸದಲ್ಲಿ ಪಾಠವುಂಟು. ಇಂಗ್ಲೆಂಡಿನಲ್ಲಿ 1862ರಲ್ಲಿ ಹೊಸ ಕಟ್ಟಳೆಯೊಂದು ಬಂದಿತು. ತನಿಖಾಧಿಕಾರಿ ಬಂದು ಒಂದೊಂದು ಮಗುವಿನ ಓದು, ಬರಹ, ಲೆಕ್ಕಗಳನ್ನು ಪರೀಕ್ಷಿಸಬೇಕು. ತೇರ್ಗಡೆಯಾದಷ್ಟಕ್ಕೆ ಶಾಲೆಗೆ ಹಣ. ನಮ್ಮ ಮದರಾಸು, ಮುಂಬಯಿ ಪ್ರಾಂತಗಳೂ ಇದೇ ಬಗೆಯ ಪದ್ಧತಿಯನ್ನು ಅನುಸರಿಸಿದವು. ಫಲವೇನು? ಉಪಾಧ್ಯಾಯರು ಪರೀಕ್ಷೆಯ ಪುಟಗಳನ್ನು ಗಿಳಿಪಾಠ ಮಾಡಿಸಿದರು. ಆ ಶತಮಾನ ಮುಗಿಯುವುದರೊಳಗೆ ಇಂಗ್ಲೆಂಡು ಆ ಪದ್ಧತಿಯನ್ನು ಕೈಬಿಟ್ಟಿತು. 1991ರಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯ ಇನ್ನೊಂದು ದಾರಿ ಹಿಡಿಯಿತು. ಶಾಲೆಗೆ ನಡೆವಳಿಕೆಯ ಸ್ವಾತಂತ್ರ್ಯ ಕೊಟ್ಟು, ಕೆಲವು ವರ್ಷಗಳ ಗಡುವಿನ ಸನ್ನದನ್ನು ಬರೆದುಕೊಟ್ಟು, ಗಡುವು ತೀರಿದಾಗ ‘ಹೇಳಿದ್ದನ್ನು ಮಾಡಿದಿರಾ?’ ಎಂದು ಕೇಳುವ ದಾರಿ ಅದು. ಒಂದು ಬಗೆಯಲ್ಲಿ ಇದೂ ಶಾಸನವೇ. ಸೂರ್ಯಚಂದ್ರರ ಬದಲು ತಾರೀಖು ಹಾಕಿದ ಶಾಸನ.

ಹೇಳಿದ್ದನ್ನು ಮಾಡದ ಶಾಲೆಗಳನ್ನು ನಾವೂ ಕಂಡಿದ್ದೇವೆ. ಕನ್ನಡ ಮಾಧ್ಯಮವೆಂದು ಬರೆದುಕೊಟ್ಟು ಅನುಮತಿ ಪಡೆದು, ಒಳಗೆ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಶಾಲೆಗಳ ಮಾನ್ಯತೆಯನ್ನು 2006ರಲ್ಲಿ ಸರ್ಕಾರ ರದ್ದುಪಡಿಸಹೊರಟಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆಗ ನನಗೆ ಹರೆಯ, ಕನ್ನಡ ಎಂ.ಎ.ಯ ಬಿಸಿಯಿನ್ನೂ ಆರಿರಲಿಲ್ಲ. ಭಾಷೆಯ ವಿವಾದ ನ್ಯಾಯಾಲಯದ ಮೆಟ್ಟಿಲೇರಿ, 2014ರಲ್ಲಿ ಸುಪ್ರೀಂ ಕೋರ್ಟು ಖಾಸಗಿ ಶಾಲೆಗಳ ಮೇಲೆ ಮಾತೃಭಾಷೆಯ ಮಾಧ್ಯಮವನ್ನು ಹೇರಲಾಗದೆಂದಿತು. ಮಾತಿಗೆ ತಪ್ಪಿದ್ದು ತಪ್ಪೆಂದು ಈಗಲೂ ಹೇಳುತ್ತೇನೆ. ಆದರೆ ಬೀಗ ಬಿದ್ದ ಮರುದಿನ ಆ ಮಕ್ಕಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ಅಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆ ನನಗಿಂತ ವಿವೇಕಿ. ಮಾನ್ಯತೆಯನ್ನು ಹಿಂತೆಗೆದುಕೊಳ್ಳುವ ಆಜ್ಞೆಯಲ್ಲಿಯೇ, ಮಕ್ಕಳನ್ನು ನೆರೆಯ ಯಾವ ಶಾಲೆಗೆ ಸೇರಿಸಬೇಕೆಂಬುದನ್ನು ಬರೆದಿರಬೇಕೆಂದು ಅದು ವಿಧಿಸುತ್ತದೆ.

ಇರಲಿ. ಆ ಹಳ್ಳಿಯ ಶಾಲೆಗೆ ಮರಳುತ್ತೇನೆ. ಐದನೆಯ ತರಗತಿಯಲ್ಲಿ ಅರ್ಧ ಗಂಟೆ ಕುಳಿತೆ. ಹುಡುಗಿಯೊಬ್ಬಳು ಎದ್ದುನಿಂತು ಪಾಠವನ್ನು ತಡವರಿಸದೆ ಓದಿದಳು. ಅರ್ಥ ಕೇಳಿದಾಗ ತನ್ನ ಮಾತಿನಲ್ಲಿಯೇ ಹೇಳಿದಳು. ಅವಳ ಪಕ್ಕದವಳು ಒತ್ತಕ್ಷರ ಬಂದಲ್ಲೆಲ್ಲ ನಿಂತಳು. ಹಾಜರಿ ಪುಸ್ತಕ ತೆರೆದೆ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಪುಟದ ಅರ್ಧವೆಲ್ಲ ಗೈರುಹಾಜರಿ. ಆಮೇಲೆ ಕೆಲವು ಹೆಸರುಗಳ ಮುಂದೆ ಏನೂ ಇಲ್ಲ, ಬರಿಯ ಖಾಲಿ ಮನೆಗಳು.

“ಇವರು?” ಎಂದು ಕೇಳಿದೆ.

“ಗುಳೆ ಹೋಗ್ಯಾರ್ರಿ ಸರ. ಅವ್ವ ಅಪ್ಪನ ಕೂಡ ಬೆಂಗಳೂರಿಗೆ.”

“ಹಿಂದಿನ ವರ್ಷ ಹೋದವರು ತಿರುಗಿ ಬಂದರೇನು?”

ಅವನು ಉತ್ತರ ಕೊಡಲಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಎಂಬ ಲೆಕ್ಕ ಆ ಶಾಲೆಯಲ್ಲಿರಲಿಲ್ಲ. ತಪಾಸಣೆಯ ಪಟ್ಟಿಯಲ್ಲಿಯೂ ಆ ಪ್ರಶ್ನೆ ಇರಲಿಲ್ಲ. ಗೋಡೆಯನ್ನು ಅಳೆದವರೂ ಓದನ್ನು ಅಳೆಯಲಿಲ್ಲವೆಂದು ದೂರಿದವನೂ ಕಾಣದೆ ಬಿಟ್ಟ ಮಕ್ಕಳು ಅವರು. ನಮ್ಮ ಸೀಮೆಯ ಶಾಲೆಗೆ ನಿಜವಾದ ಗಳೆ ಅವರೇ ಅಲ್ಲವೇ? ಬಂದ ಮಕ್ಕಳಿಗೆ ಏನು ಕಲಿಸಿದೆ ಎಂಬುದು ಒಂದು ಅಳತೆ. ಬಾರದೆ ಹೋದ ಮಕ್ಕಳನ್ನು ಎಷ್ಟು ದೂರ ಹುಡುಕಿದೆ ಎಂಬುದು ಇನ್ನೊಂದು.

ನಾನು ಎರಡು ಪುಟ ಬರೆದುಕೊಟ್ಟೆ. ಶಾಲೆ ಉಳಿಯಬೇಕು ಎಂದೇ ಬರೆದೆ. ಆ ಹುಡುಗಿಯ ಓದು ಅದಕ್ಕೆ ಆಧಾರ. ಗೋಡೆಯೂ ಇಳಿಜಾರು ದಾರಿಯೂ ಆಗಲೇಬೇಕು ಎಂದು ಬರೆದೆ. ನಡೆಯಲಾರದ ಮಗು ಹೊರಗುಳಿಯುವುದೂ ಗುಳೆಯಷ್ಟೇ ಕ್ರೂರ. ಕೊನೆಯಲ್ಲಿ, ಗುಳೆ ಹೋದ ಮಕ್ಕಳ ಲೆಕ್ಕವನ್ನು ಇನ್ನು ಮೇಲೆ ಶಾಲೆ ಇಡುವುದೆಂದೂ, ಮುಂದಿನ ನವೀಕರಣದಲ್ಲಿ ಅದನ್ನು ಕೇಳಬಹುದೆಂದೂ ಸೇರಿಸಿದೆ.

“ಇದನ್ನೂ ಬರೀಬೇಕೇನ್ರಿ ಸರ? ನಮ್ಮ ಕೈಲೆ ನಾವ ಕಟ್ಟಿಹಾಕಿಕೊಂಡ್ಹಂಗ ಆತಲ್ರಿ” ಎಂದ.

“ಹೌದಪ್ಪ, ಹಾಗೆಯೇ” ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿ ಸಹಿ ಹಾಕಿದ. ಅರ್ಜಿ ಹೋಗಿದೆ, ತೀರ್ಮಾನ ಇನ್ನೂ ಬಂದಿಲ್ಲ. ಗೋಡೆಯ ಕೆಲಸ ನಡೆದಿದೆಯಂತೆ. ಹೊಸದೊಂದು ಪುಸ್ತಕ ತೆರೆದು ಹನ್ನೊಂದು ಹೆಸರು ಬರೆದಿದ್ದಾನಂತೆ. ಅವರಲ್ಲಿ ಮೂವರ ವಿಳಾಸ ಸಿಕ್ಕಿದೆಯಂತೆ.