ಕೀಲಿಮಣೆಯ ಸದ್ದು ಹೇಳುವುದೇನು?

ಮೈಸೂರಿನ ಯಾದವಗಿರಿಯಂಥ ಬಡಾವಣೆಗಳ ಎಷ್ಟೋ ಮನೆಗಳ ಮಕ್ಕಳಿಗೆ ಟೈಪಿಂಗ್‌ನ ಜೂನಿಯರ್, ಸೀನಿಯರ್ ಪರೀಕ್ಷೆಗಳು ಒಂದು ಕಾಲಕ್ಕೆ ನೌಕರಿಯ ಮೆಟ್ಟಿಲುಗಳಾಗಿದ್ದವು. ಕಣ್ಣು ಮೂಲಪ್ರತಿಯ ಮೇಲೆಯೇ ಇರಬೇಕೆಂಬುದು ಅಲ್ಲಿನ ಮೊದಲ ಪಾಠ. ಹಾಗಾದರೆ ಅಕ್ಷರ ಸರಿಯಾಗಿ ಬಿದ್ದಿತೆಂದು ತಿಳಿಯುವುದು ಹೇಗೆ? ಕಿವಿಯಿಂದ ಮತ್ತು ಬೆರಳ ತುದಿಯಿಂದ. ತಪ್ಪಾದರೆ ಕಾರ್ಬನ್ ಪ್ರತಿಗಳಲ್ಲೂ ಒಂದೊಂದಾಗಿ ಅಳಿಸಬೇಕಿತ್ತು.

ಬೆರಳಚ್ಚು ಯಂತ್ರದಲ್ಲಿ ಸದ್ದು ಎಂದರೆ ಕೆಲಸವೇ. ಅಚ್ಚಿನ ಸರಳು ರಿಬ್ಬನ್ ಮೇಲೆ ಬಡಿದಾಗ ಅದು ಹುಟ್ಟುತ್ತದೆ. ಕಿರುಬೆರಳು ಸೋತರೆ ಸದ್ದೂ ಮಂದ, ಅಕ್ಷರವೂ ಮಸುಕು. ಕನ್ನಡ ಬೆರಳಚ್ಚಿಗೆ ಕೀಲಿಮಣೆ ರೂಪಿಸಿದವರಲ್ಲಿ ಅನಂತಸುಬ್ಬರಾವ್ ಅವರ ಹೆಸರು ಪ್ರಮುಖ. ಕನ್ನಡ ಯಂತ್ರದಲ್ಲಿ ಕೆಲವು ಕೀಲಿಗಳನ್ನು ಒತ್ತಿದರೆ ಗುರುತು ಮೂಡುತ್ತದೆ, ಗಾಡಿ ಮಾತ್ರ ಮುಂದೆ ಸರಿಯುವುದಿಲ್ಲ. ಪಳಗಿದ ಕೈ ಈ ವ್ಯತ್ಯಾಸವನ್ನು ನೋಡದೆಯೇ ಅರಿಯುತ್ತಿತ್ತು.

ಕಂಪ್ಯೂಟರಿಗೆ ಹೊಡೆತ ಬೇಕಿಲ್ಲ, ವಿದ್ಯುತ್ ಸಂಪರ್ಕವಾದರೆ ಸಾಕು. ಆದರೂ ಐಬಿಎಂ 1981ರ ತನ್ನ ಪರ್ಸನಲ್ ಕಂಪ್ಯೂಟರಿನಲ್ಲಿ ಸದ್ದನ್ನು ಉಳಿಸಿಕೊಂಡಿತು. ಅದರ ಕೀಲಿಯ ಕೆಳಗಿನ ಸ್ಪ್ರಿಂಗು ಒಮ್ಮೆಲೇ ಬಾಗುತ್ತದೆ. ‘ಟಕ್’ ಎನ್ನುವುದೂ ಸಂಕೇತ ಕಳುಹಿಸುವುದೂ ಆ ಒಂದೇ ಬಾಗು. ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚಿನದು ಬೇರೆ ಬಗೆ. ಅದರೊಳಗಿನ ಒಂದು ಪುಟ್ಟ ತುಂಡು ಜಿಗಿದು ಬಡಿಯುವುದರಿಂದ ಸದ್ದು ಬರುತ್ತದೆ. 4 ಮಿಲಿಮೀಟರ್ ಒತ್ತುದಾರಿಯಲ್ಲಿ ಸುಮಾರು 2.2 ಮಿಲಿಮೀಟರಿಗೆ ಸಂಕೇತ ಹೋಗುತ್ತದೆ. ಬೆರಳಿಗೆ ಮೊದಲು ತಡೆ, ಆಮೇಲೆ ಸಡಿಲ. ಕಂದು ಸ್ವಿಚ್ಚಿನಲ್ಲಿ ಸಣ್ಣ ಉಬ್ಬು ಮಾತ್ರ ತಿಳಿಯುತ್ತದೆ, ‘ಟಕ್’ ಇಲ್ಲ. ಕೆಂಪಿನಲ್ಲಿ ಎರಡೂ ಇಲ್ಲ. ಅಗ್ಗದ ರಬ್ಬರ್ ಕೀಲಿಮಣೆಗಳಲ್ಲಿ ಸಾಮಾನ್ಯವಾಗಿ ತಳ ಮುಟ್ಟುವವರೆಗೂ ಒತ್ತಬೇಕು.

ನಮ್ಮ ದೇಶದಲ್ಲಿ ಈ ನೀಲಿ ಸ್ವಿಚ್ಚನ್ನು ಕಚೇರಿಗಳಿಗೆ ಪರಿಚಯಿಸಿದ್ದು ಮುಖ್ಯವಾಗಿ ಚೆನ್ನೈನ ಟಿವಿಎಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ‘ಗೋಲ್ಡ್’ ಕೀಲಿಮಣೆ. 1955ರಿಂದ ಬೆರಳಚ್ಚು ಯಂತ್ರ ತಯಾರಿಸುತ್ತಿದ್ದ ಗೋದ್ರೆಜ್ 2009ರಲ್ಲಿ ಅದನ್ನು ನಿಲ್ಲಿಸಿತು. ಹಳೆಯ ಯಂತ್ರದಲ್ಲಿ ಪಳಗಿದ ಬೆರಳುಗಳಿಗೆ ‘ಗೋಲ್ಡ್’ ಅಪರಿಚಿತವೆನಿಸಲಿಲ್ಲ.

ಕನ್ನಡಕ್ಕೆ ಈ ಸದ್ದಿನ ಉಪಯೋಗ ಇನ್ನೂ ಒಂದಿದೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದಲ್ಲಿ ಬಳಕೆಯಾದ ವಿನ್ಯಾಸದಲ್ಲಿ ‘ಅಕ್ಕ’ ಎಂದು ಬರೆಯಲು ನಾಲ್ಕು ಒತ್ತು ಬೇಕು: ಅ, ಕ, ಒತ್ತಕ್ಷರ ತರುವ ಎಫ್, ಮತ್ತೆ ಕ. ಕಣ್ಣಿಗೆ ಎರಡೇ ಅಕ್ಷರ, ಕಿವಿಗೆ ನಾಲ್ಕು ಸದ್ದು. ನಡುವಿನ ಒಂದು ಸದ್ದು ತಪ್ಪಿದರೆ ‘ಅಕ್ಕ’ ಹೋಗಿ ‘ಅಕಕ’ ಆಗುತ್ತದೆ.

ಹೀಗಾಗಿ ಸ್ವಿಚ್ಚನ್ನು ಸದ್ದಿನ ಇಂಪಿನಿಂದ ಅಳೆದರೆ ಸಾಲದು. ಪಕ್ಕದಲ್ಲಿ ಮಗು ಮಲಗಿದ್ದರೆ ಕಂದು ಒಳ್ಳೆಯದು. ಪರದೆ ನೋಡದೆ ಪುಟಗಟ್ಟಲೆ ನಕಲು ಮಾಡುವವರಿಗೆ ನೀಲಿಯ ‘ಟಕ್’ ಇಂದಿಗೂ ಕರಡು ತಿದ್ದುವ ಜೊತೆಗಾರ.