ಅಮೆರಿಕನ್ ಗೋಧಿ ಏಲ್

ಮೊಳಕೆ ಬರಿಸಿ ಒಣಗಿಸಿದ ಗೋಧಿ ಮತ್ತು ಬಾರ್ಲಿಯಿಂದ (ಮಾಲ್ಟ್) ತಯಾರಿಸಿ, ಮುಖ್ಯವಾಗಿ ಬೇಸಗೆಯಲ್ಲಿ ಸೇವಿಸುವ, ಅಮೆರಿಕ ಸಂಯುಕ್ತ ಸಂಸ್ಥಾನಗಳ ಒಂದು ಬಗೆಯ ಬಿಯರ್. ಬೆಚ್ಚಗಿನ ಉಷ್ಣತೆಯಲ್ಲಿ ಹುದುಗುವ ಏಲ್ ವರ್ಗಕ್ಕೆ ಸೇರಿದ ಇದರಲ್ಲಿ ಧಾನ್ಯದ ಸುಮಾರು ಶೇ. 30ರಿಂದ 50ರಷ್ಟು ಗೋಧಿಯಿರುತ್ತದೆ.

1920–33ರ ಪಾನನಿರೋಧದ ಅನಂತರ ಬಹುಕಾಲ ಅಲ್ಲಿ ಮರೆಯಾಗಿದ್ದ ಗೋಧಿ ಬಿಯರನ್ನು ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಸಂಸ್ಥೆ 1984ರಲ್ಲಿ ಮತ್ತೆ ತಯಾರಿಸಿತು. 1986ರಲ್ಲಿ ಪೋರ್ಟ್‌ಲೆಂಡಿನ ವಿಡ್ಮರ್ ಬ್ರದರ್ಸ್ ಸೋಸದ ಗೋಧಿ ಬಿಯರನ್ನು ಹೊರತಂದು ಈ ಬಗೆಯನ್ನು ಜನಪ್ರಿಯಗೊಳಿಸಿತು.

ಜರ್ಮನಿಯ ಗೋಧಿ ಬಿಯರಿನಲ್ಲಿ ಯೀಸ್ಟಿನಿಂದ ಉಂಟಾಗುವ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇದರಲ್ಲಿ ಕಾಣುವುದಿಲ್ಲ. ತಟಸ್ಥ ಗುಣದ ಯೀಸ್ಟನ್ನು ಬಳಸುವುದರಿಂದ ಧಾನ್ಯದ ರುಚಿಯೂ, ಕಹಿ ಮತ್ತು ಸುವಾಸನೆಗಾಗಿ ಸೇರಿಸುವ ಹಾಪ್ಸ್ ಎಂಬ ಬಳ್ಳಿಯ ಹೂಗಳ ನಿಂಬೆಯಂಥ ಕಂಪೂ ಎದ್ದುಕಾಣುತ್ತವೆ. ಗೋಧಿಯ ಪ್ರೋಟೀನು ಬಿಳಿಯ ದಟ್ಟ ನೊರೆಗೆ ಕಾರಣವಾದರೆ, ಅದೇ ಪ್ರೋಟೀನು ಮತ್ತು ಸೋಸದೆ ಉಳಿದ ಯೀಸ್ಟು ಹೊಂಬಣ್ಣದ ಪಾನೀಯಕ್ಕೆ ಮಬ್ಬನ್ನು ತರುತ್ತವೆ.

ಮದ್ಯಸಾರ ಸಾಮಾನ್ಯವಾಗಿ ಶೇ. 4ರಿಂದ 5.5ರಷ್ಟಿದ್ದು, ಕಹಿ ಮಿತವಾಗಿ, ಇಂಗಾಲದ ಡೈಆಕ್ಸೈಡು ಹೇರಳವಾಗಿರುವುದರಿಂದ ತಣ್ಣಗೆ ಕುಡಿಯುವ ಈ ಬಿಯರ್ ಸೆಕೆಗಾಲಕ್ಕೆ ಹೊಂದುತ್ತದೆ. ಲೋಟದ ಅಂಚಿಗೆ ನಿಂಬೆ ಅಥವಾ ಕಿತ್ತಳೆಯ ಬಿಲ್ಲೆ ಸಿಕ್ಕಿಸುವ ರೂಢಿಯೂ ಉಂಟು.

ಸಣ್ಣ ಪ್ರಮಾಣದ ಸ್ವತಂತ್ರ ತಯಾರಕರಲ್ಲಿ ಬೆಳೆದ ಋತುಮಾನದ ಬಿಯರ್ ಪದ್ಧತಿಯಲ್ಲಿ ಇದಕ್ಕೆ ಪ್ರಮುಖ ಸ್ಥಾನವಿದೆ. ಮಿಷಿಗನ್ನಿನ ಬೆಲ್ಸ್ ಸಂಸ್ಥೆಯ ಓಬೆರಾನ್ ಇದಕ್ಕೆ ಪ್ರಸಿದ್ಧ ನಿದರ್ಶನ. ಶೇಕ್ಸ್‌ಪಿಯರನ ನಾಟಕವೊಂದರ ಯಕ್ಷರಾಜನ ಹೆಸರು ಹೊತ್ತ ಇದರಲ್ಲಿ ಮದ್ಯಸಾರ ಶೇ. 5.8ರಷ್ಟಿದ್ದು, ಮಿಷಿಗನ್ನಿನಲ್ಲಿ ಪ್ರತಿವರ್ಷ ಮಾರ್ಚ್ ಕೊನೆಯಲ್ಲಿ ಬಿಡುಗಡೆಯಾಗುತ್ತದೆ.